ಮೂರನೆಯ ಬೇರಿಂಗು

ಹೋದ ವಾರ ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿ ಎಂದರು. ಕಾಣದಿದ್ದರೂ ನಾಲ್ಕನೆಯ ಸಾಲಿನವರೆಗೆ ಊಹಿಸಿ ಓದಿಬಿಟ್ಟೆ. ಈ ವಯಸ್ಸಿನಲ್ಲೂ ಪಾಸಾಗುವ ಆಸೆ, ನೋಡಿ. "ಪೊರೆ ಬಂದಿದೆ ಸಾರ್, ಸುಳ್ಳು ಹೇಳ್ಬೇಡಿ" ಎಂದು ಅವರು ನಕ್ಕರು. ತಮಾಷೆಯ ಮಾತೇ. ಆದರೆ ನನಗೆ ನಂಜುಂಡಪ್ಪ ಮೇಸ್ತ್ರಿಗಳು ನೆನಪಾಗಿ ಅಂದು ಊಟ ಸೇರಲಿಲ್ಲ.

ಐವತ್ತರ ದಶಕ ಅದು. ರಾಜಾಜಿನಗರ ಇನ್ನೂ ಏಳುತ್ತಿತ್ತು. ಎಲ್ಲಿ ನೋಡಿದರೂ ಅರ್ಧ ಗೋಡೆ, ಸೈಜುಗಲ್ಲಿನ ರಾಶಿ. ಅದರ ಅಂಚಿನ ತಗಡಿನ ಶೆಡ್ಡಿನಲ್ಲಿ ಮೇಸ್ತ್ರಿಗಳು ಲಾರಿ ಇಂಜಿನ್ನುಗಳನ್ನು ಬಿಚ್ಚಿ ಕಟ್ಟುತ್ತಿದ್ದರು. ನಾನು ಅವರ ಕೈಕೆಳಗೆ ಆರು ವರ್ಷ ಪಳಗಿದ ಮೆಕ್ಯಾನಿಕ್ಕು. ಮದುವೆಯಾಗಿತ್ತು, ಮೀಸೆಯೂ ಇತ್ತು. ಬಾಯಿ ಮಾತ್ರ ಇರಲಿಲ್ಲ.

ಸವೆದ ಬೇರಿಂಗನ್ನು ಮತ್ತೆ ಹಾಕಬಹುದೇ ಎಂದು ತೀರ್ಮಾನಿಸುವುದು ಮೇಸ್ತ್ರಿಗಳೊಬ್ಬರದೇ ಕೆಲಸ. ಇಂಜಿನ್ನಿನ ತಿರುಗುವ ದಂಡವನ್ನು ಹೊರುವ, ಅಂಗೈಯಗಲದ ಆ ಅರ್ಧಬಳೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದರು. ಒಳಮೈ ಬರೀ ಮಾಸಿದ್ದರೆ ಅಡ್ಡಿಯಿಲ್ಲ. ಉಗುರಿಗೆ ಗೀರು ಸಿಕ್ಕರೆ ಯೋಚಿಸಬೇಕು. ಮೇಲಿನ ಬಿಳಿ ಲೋಹ ತೇದು ತಾಮ್ರ ಇಣುಕಿದರೆ ಬಿಸಾಡಬೇಕು. ಇದನ್ನು ನನಗೆ ಕಲಿಸಿದವರೇ ಅವರು.

ಕೆಂಗೇರಿಯ ಚಿಕ್ಕಣ್ಣ ತನ್ನ ಲಾರಿಯನ್ನು ತಾನೇ ಓಡಿಸಿಕೊಂಡು ಕಲ್ಲು ಸಾಗಿಸುತ್ತಿದ್ದ. ಅವನ ಇಂಜಿನ್ನು ಬಿಚ್ಚಿದ ದಿನ ಮೇಸ್ತ್ರಿಗಳು ಮೂರನೆಯ ಬೇರಿಂಗನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಉಗುರಿಗೆ ಏನೂ ಸಿಗಲಿಲ್ಲ. "ಇದು ಓಡತ್ತೆ ಬಿಡು" ಎಂದು ನನ್ನ ಕೈಗಿಟ್ಟರು. ಅಂಚಿನಲ್ಲಿ ಎರಡು ಬೆರಳಗಲ ತಾಮ್ರ ಹೊಳೆಯುತ್ತಿತ್ತು. ಅವರ ಕಣ್ಣಿಗೆ ಅದು ಕಂಡಿಲ್ಲ ಎಂದು ನನಗೆ ಆ ಗಳಿಗೆಯಲ್ಲೇ ತಿಳಿಯಿತು. ಎದುರಿಗೆ ಚಿಕ್ಕಣ್ಣ ನಿಂತಿದ್ದ. ಗಿರಾಕಿಯ ಮುಂದೆ ಗುರುವಿಗೆ ಕಣ್ಣು ಕಾಣುವುದಿಲ್ಲ ಎನ್ನುವುದು ಹೇಗೆ? ಆಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ ಅವರು ನನ್ನ ಪಕ್ಕದಲ್ಲೇ ಕೂತು ಬೋಲ್ಟು ಬಿಗಿಸಿದರು; ನಾನು ಸ್ಪಾನರ್ ಕೊಡುತ್ತ ಹೋದೆ.

ಹದಿನೈದು ದಿನಕ್ಕೆ ಇಂಜಿನ್ನು ಇಳಿಜಾರಿನಲ್ಲಿ ಜಾಮಾಯಿತು. ಚಕ್ರಗಳು ಹಿಡಿದುಕೊಂಡು ಲಾರಿ ಮಗುಚಿತು. ಚಿಕ್ಕಣ್ಣನ ಬಲಗಾಲನ್ನು ಮೊಣಕಾಲಿನ ಮೇಲಿಂದ ಕತ್ತರಿಸಿ ತೆಗೆದರು.

ಇಂಜಿನ್ನು ಮತ್ತೆ ಬಿಚ್ಚಿದಾಗ ಮೂರನೆಯ ಬೇರಿಂಗು ಸುಟ್ಟು ಕರಿಕಾಗಿತ್ತು. ಮೇಸ್ತ್ರಿಗಳು ಅದನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

"ಅವತ್ತು ನೀನೂ ನೋಡಿದ್ಯಲ್ಲಪ್ಪಾ, ತಾಮ್ರ ಏನಾದ್ರೂ ಕಾಣ್ತಿತ್ತಾ?"

"ಇಲ್ಲ ಮೇಸ್ತ್ರಿ."

ಅವರು ಉಸಿರು ಬಿಟ್ಟರು. "ಹಾಗಾದ್ರೆ ಅವನು ಇಂಜಿನ್ ಎಣ್ಣೆ ನೋಡ್ಕೊಂಡಿಲ್ಲ. ಎಣ್ಣೆ ಬತ್ತಿದ್ರೂ ಹೀಗೇ ಸುಡತ್ತೆ."

ಅದನ್ನೇ, ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋಗಿ ಚಿಕ್ಕಣ್ಣನಿಗೂ ಹೇಳಿದರು, ಬೈಯಲಿಲ್ಲ, ಮರುಕದಿಂದಲೇ. "ನೋಡಿದ್ದೆ ಮೇಸ್ತ್ರಿ, ದಿನಾ ನೋಡ್ತಿದ್ದೆ" ಎಂದ ಅವನು ನನ್ನ ಕಡೆ ತಿರುಗಿದ. ನಾನು ಕಿಟಕಿ ನೋಡಿದೆ. ವರ್ಷದೊಳಗೆ ಮೇಸ್ತ್ರಿಗಳಿಗೆ ಪೂರ್ತಿ ಕುರುಡು ಬಂತು. ತಪ್ಪು ತಮ್ಮದಲ್ಲ ಎಂದು ನಂಬಿಕೊಂಡೇ ಅವರು ತೀರಿಕೊಂಡರು. ಅದೊಂದು ಉಪಕಾರ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ನಿನ್ನೆ ಕೆಂಗೇರಿಗೆ ಹೋದೆ. ಚಿಕ್ಕಣ್ಣ ಈಗಿಲ್ಲ. ಅವನ ಹೆಂಡತಿ ಪುಟ್ಟಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಬೈದರೆ ಹಗುರಾದೇನು ಎಂಬ ಆಸೆಯಿತ್ತು, ಮುಚ್ಚಿಡುವುದೇಕೆ.

ಅವರು ಬೈಯಲಿಲ್ಲ. ಕೈ ನಿಂತಿತು.

"ಸಾಯೋ ತನಕ ಅದೇ ಹೇಳ್ತಿದ್ರು, ಎಣ್ಣೆ ನೋಡಿದ್ದೆ ಕಣೇ ಅಂತ. ಒಂದೊಂದ್ಸಲ ಅಳೋರು" ಎಂದರು. "ನಾನು ನಂಬ್ಲಿಲ್ಲ. ಕಾಲು ಕಳ್ಕೊಂಡು ಸುಳ್ಳು ಬೇರೆ ಹೇಳ್ತೀರಲ್ಲ ಅಂದಿದ್ದೆ."

ಇಷ್ಟು ವರ್ಷ ನಾನೊಬ್ಬ ಹೊತ್ತಿದ್ದನ್ನು ಆ ಮುದುಕಿಯ ಮಡಿಲಿಗೆ ಹಾಕಿ ಎದ್ದು ಬಂದೆ.