ಮೇಣ ಕೆರೆದ ನಾದಸ್ವರ

ಇವತ್ತು ಬೆಳಿಗ್ಗೆ ಹಾರ್ಮೋನಿಯಂ ಒರೆಸೋಣವೆಂದು ಮರದ ಪಾಲಿಶ್ ಡಬ್ಬಿಯ ಮುಚ್ಚಳ ತೆಗೆದೆ. ಜೇನುಮೇಣದ ವಾಸನೆ ಬಂತು. ವಾಸನೆ ಮೂಗಿಗೆ ತಾಕಿದ ಕೂಡಲೇ ಹಳೆಯದೆಲ್ಲ ಸಾಲುಗಟ್ಟಿ ಬಂತು ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನೆನಪು ಅಷ್ಟು ವಿಧೇಯ ಪ್ರಾಣಿಯಲ್ಲ. ನನಗೆ ಕಂಡದ್ದು ಒಂದು ಹೇರ್‌ಪಿನ್ನು ಮತ್ತು ಅದರ ತುದಿಗೆ ಅಂಟಿದ್ದ ಕಪ್ಪು ಮೇಣ, ಅಷ್ಟೆ. ಉಳಿದದ್ದನ್ನು ಈಗ ನಿಮ್ಮೆದುರು ಕೂತು ಜೋಡಿಸುತ್ತಿದ್ದೇನೆ. ಎಲ್ಲಾದರೂ ತೀರಾ ನುಣುಪಾಗಿ ಕಂಡರೆ ನೀವೂ ಸ್ವಲ್ಪ ಅನುಮಾನಪಡಿ.

ಒರೆಸೋಣ ಎಂದೆ, ನುಡಿಸೋಣ ಎನ್ನಲಿಲ್ಲ. ನನಗೆ ಯಾವ ವಾದ್ಯವೂ ಬರುವುದಿಲ್ಲ. ಆದರೂ ಜಯನಗರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಒಂದು ಸಣ್ಣ ಕಚೇರಿಗೆ ಸಾಲುವಷ್ಟು ಸಾಮಾನಿದೆ. ಹಾರ್ಮೋನಿಯಂ ತಂದದ್ದು ಅದರ ತಿದಿಯ ಮಡಿಕೆಗಳೊಳಗಿನ ಕೆಂಪಿಗಾಗಿ. ಗಿಟಾರು ತಂದದ್ದು ನವಿಲಿನ ಕತ್ತಿನ ಬಣ್ಣದ್ದು ಎಂಬ ಒಂದೇ ಕಾರಣಕ್ಕೆ. ತಂಬೂರಿಯ ಬುರುಡೆಯ ಮೇಲೆ ದಂತದ ಹಾಗೆ ಕಾಣುವ ಬಳ್ಳಿಯಿತ್ತು. ಅದು ಪ್ಲಾಸ್ಟಿಕ್ಕಿನದೆಂದೂ ಒಳಗೆ ಜಿರಲೆಗಳ ತುಂಬು ಸಂಸಾರವಿದೆಯೆಂದೂ ಮನೆಗೆ ತಂದ ಮೇಲೆ ತಿಳಿಯಿತು. ಕೊಳ್ಳುವಾಗ ನಾನು ಒಂದು ತಂತಿಯನ್ನೂ ಮೀಟಿ ನೋಡುವುದಿಲ್ಲ. ಹೆಣ್ಣು ನೋಡಲು ಹೋದವನು ಹಾಡಲು ಹೇಳದೆ ಒಪ್ಪಿಬಂದ ಹಾಗೆ. ಮನೆಗೆ ಬಂದವರು, “ಯಾರು ನುಡಿಸ್ತೀರ ಇದನ್ನೆಲ್ಲ?” ಎಂದು ಕೇಳುತ್ತಾರೆ. “ಈಗ ಟಚ್ ಹೋಗಿದೆ” ಎನ್ನುತ್ತೇನೆ. ಆಗೆಲ್ಲ ಅಡುಗೆಮನೆಯಿಂದ ನನ್ನ ಹೆಂಡತಿ ಗಿರಿಜ ಕೆಮ್ಮುತ್ತಾಳೆ. ಅವಳಿಗೆ ಕೆಮ್ಮಿನ ಕಾಯಿಲೆ ಏನೂ ಇಲ್ಲ.

ನಾದಸ್ವರ ಬಂದದ್ದು ಆರೇಳು ವರ್ಷದ ಹಿಂದೆ. ಚಪ್ಪಲಿ ಗೂಡು ತರಲೆಂದು ಕತ್ರಿಗುಪ್ಪೆಯ ಕಡೆ ಹಳೇ ಮರದ ಸಾಮಾನು ಮಾರುವ ಅಂಗಡಿಗೆ ಹೋಗಿದ್ದೆ. ಮುರಿದ ತೊಟ್ಟಿಲಿನೊಳಗೆ ಅದು ಮಲಗಿತ್ತು. ತೋಳುದ್ದದ ಕಪ್ಪು ಮರ, ಕೆಳಗೆ ಅರಳಿದ ಅಗಲ ಬಾಯಿ. ಬಾಯಿಯ ಹತ್ತಿರ ಬಿರುಕು ಬಿಟ್ಟ ಜಾಗಕ್ಕೆ ಯಾರೋ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿದ್ದರು. ಕಿಟಕಿಯ ಬಿಸಿಲು ಆ ತಂತಿಯ ಮೇಲೆ ಬಿದ್ದಿತ್ತು. ಬಿದ್ದಿತ್ತೇ? ಅಂಗಡಿಗೆ ಕಿಟಕಿ ಇತ್ತೆಂದು ಪ್ರಮಾಣ ಮಾಡಲಾರೆ. ತಂತಿ ಮಾತ್ರ ಹೊಳೆಯುತ್ತಿತ್ತು.

“ತಗೊಳ್ಳಿ ಸಾರ್, ಗೋಡೆ ಮೇಲೆ ಸಖತ್ತಾಗ್ ಕಾಣತ್ತೆ. ಕೆಳಗಡೆ ಒಂದ್ ಲೈಟ್ ಹಾಕ್ಬಿಡಿ” ಎಂದ ಅಂಗಡಿಯವನು.

“ಊದಿದ್ರೆ ಬರುತ್ತಾ?”

“ಊದೋದ್ಯಾಕೆ ಸಾರ್?” ಎಂದು ಅವನು ನಿಜವಾಗಿಯೂ ಆಶ್ಚರ್ಯಪಟ್ಟ.

ಚಪ್ಪಲಿ ಗೂಡು ಅಲ್ಲೇ ಉಳಿಯಿತು. ನಾದಸ್ವರವನ್ನು ಮನೆಗೆ ತಂದು ಶುಚಿ ಮಾಡಲು ಕೂತೆ. ಬೆರಳಿಡುವ ಏಳು ತೂತುಗಳ ಕೆಳಗೆ, ಮುಂದೆ ಒಂದು, ಅಕ್ಕಪಕ್ಕ ಎರಡೆರಡು, ಹೀಗೆ ಇನ್ನೂ ಐದು ತೂತುಗಳಿದ್ದವು. ಅವುಗಳಲ್ಲಿ ಕೆಲವಕ್ಕೆ ಕಪ್ಪು ಮೇಣ ಮೆತ್ತಿಕೊಂಡಿತ್ತು. ನೋಡಲು ಅಸಹ್ಯವಾಗಿತ್ತು. ಗಿರಿಜಳ ಹೇರ್‌ಪಿನ್ನು ತೆಗೆದುಕೊಂಡು ಎಲ್ಲವನ್ನೂ ಕೆರೆದು ತೆಗೆದೆ. ಒಂದು ಭಾನುವಾರ ಪೂರ್ತಿ ಹಿಡಿಯಿತು. ಆಮೇಲೆ ಐದೂ ತೂತುಗಳು ಒಂದೇ ಅಳತೆಯಲ್ಲಿ, ಕೋಟಿನ ಗುಂಡಿಗಳ ಹಾಗೆ ಚೆಂದ ಕಂಡವು. ಹಾಲಿನ ಗೋಡೆಗೆ ತೂಗುಹಾಕಿ ಕೆಳಗೊಂದು ಲೈಟನ್ನೂ ಹಾಕಿಸಿದೆ.

ನಮ್ಮಂಥವರಿಗೂ ಓಲಗಕ್ಕೂ ಇರುವ ಸಂಬಂಧ ನಿಮಗೆ ಗೊತ್ತಿರುವುದೇ. ಮದುವೆಮನೆಯ ಮೂಲೆಯಲ್ಲಿ ಬೆಳಗಿನಿಂದ ಊದುತ್ತಿರುವವರ ಕಡೆ ಯಾರೂ ನೋಡುವುದಿಲ್ಲ. ಮುಹೂರ್ತದ ಹೊತ್ತಿಗೆ ಪುರೋಹಿತರು ತೋರುಬೆರಳು ಆಡಿಸಿ “ಗಟ್ಟಿಮೇಳ, ಗಟ್ಟಿಮೇಳ” ಎಂದಾಗ ಮಾತ್ರ ಅವರು ಅಲ್ಲಿದ್ದಾರೆಂದು ತಿಳಿಯುತ್ತದೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಐಸ್‌ಕ್ರೀಂ ಹಂಚಿದವನ ಫೋಟೋ ಇದೆ, ಓಲಗದವರದು ಇಲ್ಲ. ಅವತ್ತು ಊದಿದವರ ಮುಖ ನನಗೆ ನೆನಪಿಲ್ಲ. ಅದು ಇದೇ ನಾದಸ್ವರ ಇರಬಹುದಿತ್ತು ಎಂದು ಬರೆದರೆ ಪ್ರಬಂಧ ಸೊಗಸಾಗುತ್ತದೆ. ಆದ್ದರಿಂದಲೇ ಬರೆಯುವುದಿಲ್ಲ.

ಅದು ಗೋಡೆಗೇರಿದ ಮೇಲೆ ಒಂದು ದಿನ ಹಾಲಿನ ಫ್ಯಾನು ಕೆಟ್ಟಿತು. ರಿಪೇರಿಗೆ ಮುನಿರಾಜು ಬಂದರು. ನಲವತ್ತರ ಆಸುಪಾಸಿನ ಮನುಷ್ಯ. ಶ್ರೀನಗರದಲ್ಲಿ ಫ್ಯಾನು, ಮಿಕ್ಸಿ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡವರು. ಏಣಿ ಹತ್ತಿ ಎರಡು ಸ್ಕ್ರೂ ಬಿಚ್ಚಿದವರು ಅಲ್ಲೇ ನಿಂತುಬಿಟ್ಟರು. ಫ್ಯಾನು ನೋಡುತ್ತಿರಲಿಲ್ಲ.

“ಸಾರ್, ಇದು ಎಲ್ಲಿ ಸಿಕ್ತು ನಿಮ್ಗೆ?”

ಹೇಳಿದೆ. ಅವರು ಇಳಿದು ಬಂದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಗೋಡೆಯ ಹತ್ತಿರ ಹೋದರು. ಮುಟ್ಟಲಿಲ್ಲ.

“ಈ ತಂತಿ ಸುತ್ತಿದ್ದು ನಾನು ಸಾರ್. ಸ್ಕೂಲಲ್ಲಿದ್ದಾಗ. ಕೆಟ್ಟೋಗಿದ್ ಮೋಟರ್‌ದು ತಂತಿ. ಇದು ನಮ್ಮಪ್ಪಂದು. ಅವ್ರು ಹೋದ್ಮೇಲೆ ಚಿಕ್ಕಪ್ಪ ಮಾರ್‌ಬಿಟ್ರು. ಎಷ್ಟ್ ಹುಡುಕಿದೀನಿ ಗೊತ್ತಾ?”

ನನ್ನ ಮನಸ್ಸಿಗೆ ಮೊದಲು ಬಂದದ್ದು ಕನಿಕರವಲ್ಲ. ಇವನು ಏನೋ ಹೂಡುತ್ತಿದ್ದಾನೆ ಎಂಬ ಅನುಮಾನ. ಎದುರಿಗೆ ಕಾಣುವ ತಂತಿಯನ್ನು ನೋಡಿ ನಾನೇ ಸುತ್ತಿದ್ದು ಎನ್ನಲು ಏನು ಕಷ್ಟ? ನೀವು ಕೊಟ್ಟ ದುಡ್ಡನ್ನು ಕೊಟ್ಟುಬಿಡುತ್ತೇನೆ ಎಂದರು. ಅನುಮಾನ ಇನ್ನೂ ಬಲವಾಯಿತು. ಬೇರೆಲ್ಲೋ ಹೆಚ್ಚಿಗೆ ಮಾರುವವರು ತಾನೆ ಹೀಗೆ ಧಾರಾಳವಾಗಿ ಮಾತಾಡುವುದು? ಕಣ್ಣಿಗೆ ಕಾಣದ ಗುರುತು ಏನಾದರೂ ಇದೆಯೇ ಎಂದು ಕೇಳಿದೆ.

“ಮೇಣ ಇರತ್ತಲ್ಲ ಸಾರ್, ಕೆಳಗಡೆ ತೂತುಗಳಿಗೆ. ಶ್ರುತಿ ಕೂರ್ಸೋಕೆ ಅಂತ ಅಪ್ಪ ತುಂಬಿದ್ರು. ಅದನ್ನ ನೋಡಿದ್ರೆ ಹೇಳ್ಬಿಡ್ತೀನಿ.” ಬಗ್ಗಿ ನೋಡಿದರು. “ಎಲ್ಲಿ ಸಾರ್ ಮೇಣ?”

“ಕ್ಲೀನ್ ಮಾಡಿದೆ.”

ಮುನಿರಾಜು ನನ್ನ ಮುಖವನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. “ಕ್ಲೀನಾ?” ಎಂದಷ್ಟೇ ಕೇಳಿದರು.

ಆಗ ನನಗೊಂದು ಉಪಾಯ ಹೊಳೆಯಿತು. ಯಾವ ಯಾವ ತೂತಿಗೆ ಮೇಣ ಇತ್ತೆಂದು ಅವರು ಹೇಳಲಿ ಎಂದೆ. “ನೀವೇ ಮೊದ್ಲು ಹೇಳಿ ಸಾರ್, ಕೆರೆದೋರು ನೀವು” ಎಂದರು ಅವರು. ನಾನು ಹೇಳಿದರೆ ಅವರು ಹೌದೆನ್ನುತ್ತಾರೆ. ಅವರು ಹೇಳಿದರೆ ನಾನು ಅಲ್ಲವೆನ್ನುತ್ತೇನೆ. ಇಬ್ಬರಿಗೂ ಅದು ಗೊತ್ತಿತ್ತು. ಮೇಲೆ ಅರ್ಧ ಬಿಚ್ಚಿದ ಫ್ಯಾನು, ಕೆಳಗೆ ನಾವಿಬ್ಬರು.

ಗಿರಿಜ ಸೌಟು ಹಿಡಿದುಕೊಂಡೇ ಬಂದಳು. “ಏನ್ರೀ ಇದು, ಜಮೀನಿನ ಕೇಸ್ ಥರ? ದೇವರ ಮುಂದೆ ಚೀಟಿ ಇಡಿ, ಮುಗೀತು.”

ಅವಳ ತವರಿನಲ್ಲಿ ಹೀಗೇ. ಮನೆ ಹೆಸರಿನಿಂದ ಹಿಡಿದು ಅಳಿಯನವರೆಗೆ ಎಷ್ಟೋ ವಿಷಯ ದೇವರ ಮುಂದಿನ ಚೀಟಿಯಲ್ಲಿ ತೀರ್ಮಾನವಾಗಿದೆ. ನಾನೂ ಹಾಗೆ ಬಂದವನೇ ಇರಬೇಕೆಂದು ನನಗೊಂದು ಗುಮಾನಿ. ಅವಳು ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಎರಡು ಚೀಟಿ ಮಾಡಿ, ಎರಡರಲ್ಲೂ ಐದು ಸೊನ್ನೆ ಬರೆದಳು. ಮೇಣವಿದ್ದ ತೂತನ್ನು ಕಪ್ಪಾಗಿ ತುಂಬಬೇಕು, ಮಡಿಸಿ ದೀಪದ ಮುಂದೆ ಇಡಬೇಕು, ತೆಗೆದು ನೋಡುವವಳು ಅವಳು. ಎರಡೂ ಒಂದೇ ಆದರೆ ವಾದ್ಯ ಮುನಿರಾಜುವಿನದು, ಬೇರೆಯಾದರೆ ನನ್ನದು. “ಸುಳ್ಳು ಬರೆದ್ರೆ ನನ್ ಜವಾಬ್ದಾರಿ ಅಲ್ಲ, ಅವನು ನೋಡ್ಕೋತಾನೆ” ಎಂದು ದೇವರ ಪಟದ ಕಡೆ ಸೌಟು ತೋರಿಸಿದಳು.

ನಾನು ದೇವರನ್ನು ನಂಬುವವನಲ್ಲ. ಆದರೆ ಉರಿಯುವ ದೀಪದೆದುರು ಸುಳ್ಳು ಬರೆಯುವಷ್ಟು ನಾಸ್ತಿಕನೂ ಅಲ್ಲವೆಂದು ಅವತ್ತು ತಿಳಿಯಿತು. ಪೆನ್ನು ಹಿಡಿದು ಗೋಡೆಗೆ ತಿರುಗಿ ನಿಂತೆ. ಏನನ್ನೂ ತುಂಬದೆ ಮಡಿಸಿ ಇಟ್ಟೆ. ಮುನಿರಾಜು ಬಹಳ ಹೊತ್ತು ತೆಗೆದುಕೊಂಡರು.

ಗಿರಿಜ ಎರಡನ್ನೂ ಬಿಡಿಸಿ ನೋಡಿದಳು. ಮತ್ತೊಮ್ಮೆ ನೋಡಿದಳು. “ಎರಡೂ ಒಂದೇ ಇದೆ. ತಗೊಂಡ್ಹೋಗಿ ಮುನಿರಾಜು” ಎಂದು ಚೀಟಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಮುನಿರಾಜು ನಾದಸ್ವರ ಇಳಿಸಿದರು. ಫ್ಯಾನು ಸರಿ ಮಾಡಿಕೊಟ್ಟೇ ಹೋದರು, ಅದನ್ನೂ ಹೇಳಬೇಕು.

ಹೆಂಡತಿ ಸುಳ್ಳು ಹೇಳಿದಳೆಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದೆ. ನನ್ನ ಚೀಟಿ ಖಾಲಿ. ಮತ್ತೊಂದು ಅದರ ಹಾಗೆಯೇ ಇರುವುದು ಹೇಗೆ? ಗೋಡೆ ಬೋಳಾಗಿ ಕಂಡಾಗಲೆಲ್ಲ ಆ ಸುಳ್ಳು ನನ್ನ ಕಡೆಯ ಬಂಡವಾಳವಾಗಿತ್ತು. ಯಾವಾಗಲಾದರೂ ಜಗಳದಲ್ಲಿ ಉಪಯೋಗಕ್ಕೆ ಬರುತ್ತದೆಂದು ಇಟ್ಟುಕೊಂಡಿದ್ದೆ. ಇವತ್ತು ಮೇಣದ ವಾಸನೆ ಬಂದಾಗ, ಜಗಳವಿಲ್ಲದೆಯೇ ಕೇಳಿಬಿಟ್ಟೆ.

“ಸುಳ್ಳು ಯಾಕೆ ಹೇಳ್ಲಿ?” ಎಂದಳು ಗಿರಿಜ, ಹುರುಳೀಕಾಯಿ ನಾರು ತೆಗೆಯುತ್ತ. “ಅವರೂ ಖಾಲಿ ಇಟ್ಟಿದ್ರು. ಅಪ್ಪ ಮುಟ್ಟೋಕೆ ಬಿಡ್ತಿರ್ಲಿಲ್ವಂತೆ ಆ ಜಾಗ. ನೋಡಿದ್ರೆ ಹೇಳ್ತಿದ್ದೆ, ನೋಡದೆ ಹೆಂಗೆ ಬರೀಲಿ ಅಂತ ಆಮೇಲೆ ನಾನು ಮಿಕ್ಸಿ ರಿಪೇರಿಗೆ ತಗೊಂಡ್ ಹೋದಾಗ ಹೇಳಿದ್ರು. ಮೋಸ ಮಾಡೋಕೆ ಬಂದೋನು ಖಾಲಿ ಚೀಟಿ ಇಡ್ತಾನೇನ್ರೀ?”

“ನಂದೂ ಖಾಲಿ ಇತ್ತಲ್ಲ.”

“ನಿಮಗೂ ನೆನಪಿರ್ಲಿಲ್ಲ, ನೀವೂ ಸುಳ್ಳು ಬರೀಲಿಲ್ಲ. ಅದಕ್ಕೇ ನಿಮ್ಮನ್ನ ಇನ್ನೂ ಮನೇಲಿ ಇಟ್ಕೊಂಡಿರೋದು” ಎಂದು ನಕ್ಕಳು. ಆಮೇಲೆ ತಾನಾಗಿಯೇ ಹೇಳಿದಳು: “ಪಾಪ, ಈಗ್ಲೂ ಅಂತಿರ್ತಾರೆ. ಎಲ್ಲಾ ತೂತಿಗೂ ಮೇಣ ಹಾಕಿ ತೆಗ್ದು ನೋಡಿದ್ರಂತೆ. ಅಪ್ಪ ಊದ್ದಾಗ ಕೇಳ್ದಂಗೆ ಕೇಳ್ತಿಲ್ವಂತೆ. ಆ ತಂತಿ ನಾನೇ ಸುತ್ತಿದ್ದಾ, ಇದು ಅಪ್ಪಂದೇನಾ ಅಂತ ಅವರಿಗೇ ಅನುಮಾನ ಬಂದಿದೆ.”

ಮೇಲೆ ನಾನು “ಕೆಲವಕ್ಕೆ ಕಪ್ಪು ಮೇಣ” ಎಂದು ಬರೆದಿದ್ದೇನೆ, ನೋಡಿ. ಕೆಲವಕ್ಕೆ ಅಲ್ಲ, ಮೂರಕ್ಕೆ. ಮುಂದಿನದಕ್ಕೆ, ಎಡಗಡೆಯ ಕೆಳಗಿನದಕ್ಕೆ, ಬಲಗಡೆಯ ಮೇಲಿನದಕ್ಕೆ. ಬಲಗಡೆಯದು ಅರ್ಧ ಮಾತ್ರ ತುಂಬಿತ್ತು. ಎಷ್ಟು ಅಲಕ್ಷ್ಯದ ಕೆಲಸ ಎಂದು ಕೆರೆಯುವಾಗ ಬೈದುಕೊಂಡಿದ್ದೆ. ಬೈದದ್ದಕ್ಕೇ ನೆನಪುಳಿದಿದೆ. ಅವತ್ತು ದೀಪದೆದುರು ಪೆನ್ನು ಹಿಡಿದಾಗಲೂ ಅದು ನೆನಪಿತ್ತು. ನಿಜ ತುಂಬಿದರೆ ಅವರದಕ್ಕೆ ಹೊಂದಿಬಿಡುತ್ತದೇನೋ ಎಂಬ ಹೆದರಿಕೆಯಿಂದ ಖಾಲಿ ಬಿಟ್ಟೆ. ಗೊತ್ತಿಲ್ಲದವರು ಖಾಲಿ ಇಟ್ಟದ್ದು ನಿಜ. ಗೊತ್ತಿದ್ದವನು ಖಾಲಿ ಇಟ್ಟದ್ದು ಏನು?

ಗಿರಿಜಳಿಗೆ ಹೇಳಿದೆ. ಅವಳು ನಗುವುದನ್ನು ನಿಲ್ಲಿಸಿದಳು. “ಹೋಗಿ ಅವರಿಗೆ ಹೇಳಿ” ಎಂದಳು. ಊಟ ಬಡಿಸುವ ಲಕ್ಷಣ ಕಾಣಲಿಲ್ಲ.

ಮಧ್ಯಾಹ್ನ ಶ್ರೀನಗರಕ್ಕೆ ಹೋದೆ. ಮುನಿರಾಜು ಮಿಕ್ಸಿಯೊಂದನ್ನು ತಿರುಗಿಸಿ ನೋಡುತ್ತಿದ್ದರು. ತಲೆ ನೆರೆತಿತ್ತು.

“ಬನ್ನಿ ಸಾರ್. ಏನು, ಫ್ಯಾನ್ ಮತ್ತೆ ಕೈ ಕೊಡ್ತಾ?”

“ಮೂರು ತೂತಿಗೆ ಮೇಣ ಇತ್ತು ಮುನಿರಾಜು.”

ಮಿಕ್ಸಿ ನಿಂತಿತು. ಯಾವ ಮೂರು ಎಂದು ಹೇಳಿದೆ. “ಅರ್ಧಾನಾ?” ಎಂದರು. “ಅರ್ಧ” ಎಂದೆ. ಅಂಗಡಿಯ ಮಹಡಿಯ ಮೇಲಿನ ಕೋಣೆಗೆ ಕರೆದುಕೊಂಡು ಹೋದರು. ಬಟ್ಟೆಯ ಚೀಲದಿಂದ ನಾದಸ್ವರ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಅವತ್ತೇ ಗೊತ್ತಿತ್ತಾ ನಿಮ್ಗೆ?”

“ಗೊತ್ತಿತ್ತು.”

“ಗೊತ್ತಿದ್ದೂ ದೇವರ ಮುಂದೆ ಖಾಲಿ ಚೀಟಿ ಇಟ್ರಿ.”

“ಹೌದು.”

“ಮತ್ತೆ ಇವತ್ತು ಹೇಳ್ತಿರೋದು ನಿಜ ಅಂತ ಹೆಂಗ್ ನಂಬ್ಲಿ ಸಾರ್?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವತ್ತು ಫ್ಯಾನಿನ ಕೆಳಗೆ ನಿಂತು ನಾನು ಅವರನ್ನು ಹೇಗೆ ನೋಡಿದ್ದೆನೋ ಹಾಗೆ ನೋಡುತ್ತಿದ್ದರು. ಇಷ್ಟು ವರ್ಷ ಆಗಿದೆ, ಎಡಗಡೆಯದು ಬಲಗಡೆಯದಾಗಿ ಅದಲುಬದಲಾಗಿದ್ದರೂ ಆಗಿರಬಹುದು ಎಂದೆ. ಅದೊಂದು ಮಾತು ಅವರಿಗೆ ಸರಿಕಂಡಿತೋ ಏನೋ. ಡಬ್ಬಿಯಿಂದ ಚಿಟಿಕೆ ಮೇಣ ತೆಗೆದು ಅಂಗೈಯಲ್ಲಿ ತಿಕ್ಕಿ ಬಿಸಿ ಮಾಡಿದರು. ಮುಂದಿನದನ್ನು ಮುಚ್ಚಿದರು. ಎಡಗಡೆಯದನ್ನು ಮುಚ್ಚಿದರು. ಬಲಗಡೆಯದಕ್ಕೆ ಒತ್ತಿ, ಬೆಳಕಿಗೆ ಹಿಡಿದು, “ಇಷ್ಟಾ?” ಎಂದರು.

“ಇನ್ನೂ ಸ್ವಲ್ಪ ಕಮ್ಮಿ.”

ಉಗುರಿನಿಂದ ತೆಗೆದರು. ಊದುವ ಪೀಪಿಯನ್ನು ಬಾಯಲ್ಲಿ ನೆನೆಸಿ ಸಿಕ್ಕಿಸಿದರು. ನಾನು ಮುಂದಕ್ಕೆ ಬಾಗಿದೆ. ಅದು ನನ್ನ ಮನೆಯಲ್ಲಿದ್ದಷ್ಟು ದಿನವೂ ಅದರ ದನಿಯನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಮುನಿರಾಜು ತುಟಿಯ ತನಕ ತಂದವರು ನನ್ನನ್ನು ನೋಡಿ ಕೆಳಗಿಳಿಸಿದರು.

“ನೀವು ಹೊರಡಿ ಸಾರ್. ಇದನ್ನ ನಾನೊಬ್ನೇ ಕೇಳ್ಬೇಕು.”

ಮೆಟ್ಟಿಲಿಳಿದು ಬೀದಿಯಲ್ಲಿ ನಿಂತೆ. ಎರಡು ಆಟೋ ಹೋದವು. ಮೇಲಿನಿಂದ ಏನೂ ಕೇಳಿಸಲಿಲ್ಲ. ತಲೆ ಎತ್ತಿದರೆ, ಹೋದೆನೋ ಇಲ್ಲವೋ ಎಂದು ಮುನಿರಾಜು ಕಿಟಕಿಯಿಂದ ನೋಡುತ್ತಿದ್ದರು. ನಾನು ಬಸ್‌ಸ್ಟಾಪಿನ ಕಡೆಗೆ, ಆದಷ್ಟು ಬೇಗ ಬೇಗ ನಡೆದೆ.