ಆರು ಸಲ ಒಳಗೆ ಬಂದ ಸಾಬರು

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನು ತಾಲ್ಲೂಕು ಬಂದೀಖಾನೆಯಲ್ಲಿ ಗುಮಾಸ್ತನಾಗಿದ್ದೆ. ಯಾವ ಊರೆಂದು ಹೇಳುವುದಿಲ್ಲ. ಮದ್ದೂರಿನವರು ಮಳವಳ್ಳಿ ಎಂದುಕೊಳ್ಳಲಿ, ಮಳವಳ್ಳಿಯವರು ಮದ್ದೂರು ಎಂದುಕೊಳ್ಳಲಿ. ಒಳಗೆ ಬಂದವರನ್ನೆಲ್ಲ ದಾಖಲು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ಕೋರ್ಟಿಗೆ ಹೋದ ಕೈದಿ, ವಿಚಾರಣೆ ಮುಂದಕ್ಕೆ ಹೋಗಿ ವಾಯಿದೆ ಬಿದ್ದು ಮಧ್ಯಾಹ್ನ ವಾಪಸು ಬಂದರೆ ಅವನನ್ನೂ ಹೊಸಬನೆಂದೇ ಬರೆಯಬೇಕೆಂದು ನಮ್ಮ ಅಮಲ್ದಾರರ ಅಪ್ಪಣೆ. ಸಂಖ್ಯೆ ಏರಿದರೆ ಇನ್ನಷ್ಟು ಪೇದೆಗಳು ಸಿಗುತ್ತಾರೆ, ಮಂಡ್ಯದಲ್ಲಿ ತಮ್ಮ ಹೆಸರು ಮೇಲಾಗುತ್ತದೆ ಎಂದು ಆ ಮಹಾನುಭಾವರ ಯೋಚನೆ. ತಿಂಗಳ ಕೊನೆಗೆ ನನ್ನ ಪಟ್ಟಿ ನೋಡಿ, ಈ ಸೀಮೆಯ ಜನ ಕೆಟ್ಟು ಕೆರ ಹಿಡಿದುಹೋದರೆಂದು ಮಂಡ್ಯದ ದೊಡ್ಡ ಮನುಷ್ಯರು ನಂಬುತ್ತಿದ್ದರು. ಇಷ್ಟು ಓದಿದ ದಡ್ಡರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊಪ್ಪದ ಕಡೆಯ ಸಾಬರೊಬ್ಬರು ಇದರಲ್ಲಿ ಸಿಕ್ಕಿಕೊಂಡರು. ಗಾಡಿಯ ಚಕ್ರ ಮಾಡುವ ಕಸುಬು. ಸರ್ಕಾರಿ ಜಾಗದ ಒಂದು ಜಾಲಿಮರ ಕಡಿದದ್ದೇ ಅವರ ಅಪರಾಧ. ಸಾಕ್ಷಿ ಹೇಳಬೇಕಾದ ಫಾರೆಸ್ಟ್ ಗಾರ್ಡು ಬರಲಿಲ್ಲವೆಂದು ಐದು ವಾಯಿದೆ ಬಿತ್ತು. ಹಿಡಿದು ತಂದದ್ದು ಒಂದೇ ಸಲವಾದರೂ ಪುಸ್ತಕದಲ್ಲಿ ಆರು ಸಲ ಬಂದರು. ಇಷ್ಟು ದಿನ ಒಳಗಿದ್ದದ್ದೇ ಸಾಕು, ಎಚ್ಚರಿಕೆ ಕೊಟ್ಟು ಬಿಡುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ತೀರ್ಪಿನ ದಿನ ಅವರನ್ನು ಮನೆಗೆ ಕರೆದೊಯ್ಯಲು ಹೆಂಡತಿ ಒಗೆದ ಅಂಗಿ ಹಿಡಿದು ಬಂದಿದ್ದರು.

ತೀರ್ಪು ಕೊಡುವವರೂ ಅದೇ ಅಮಲ್ದಾರರು. ನನ್ನ ಕೈಯಿಂದ ಪುಸ್ತಕ ತರಿಸಿಕೊಂಡು ಹಾಳೆ ತಿರುವಿದರು. ಆರು ಸಲ ಜೈಲು ಕಂಡ ಆಸಾಮಿಗೆ ಎಚ್ಚರಿಕೆ ಯಾವ ಮೂಲೆಗೆ ಎಂದು ಹೇಳಿ ನಾಲ್ಕು ತಿಂಗಳ ಕಠಿಣ ಸಜೆ ಬರೆದರು. ಅದು ತಮ್ಮ ಅಪ್ಪಣೆಯಿಂದಲೇ ಹುಟ್ಟಿದ ಸಂಖ್ಯೆ ಎಂಬುದು ಆ ಪೇಟದೊಳಗಿನ ತಲೆಗೆ ಹೊಳೆಯಲೇ ಇಲ್ಲ. ನಾನು ಮೇಜಿನ ಪಕ್ಕದಲ್ಲೇ ಇದ್ದೆ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ನಿಂತೆ.

ಮಧ್ಯಾಹ್ನ ಪೇದೆ ಅವರನ್ನು ಮತ್ತೆ ನನ್ನ ಮುಂದೆ ತಂದು ನಿಲ್ಲಿಸಿದ. ಅಂಗಿ ಹೆಂಡತಿಯ ಕೈಯಲ್ಲೇ ಉಳಿದಿತ್ತಂತೆ.

"ಬರ್ಕೊಂಡೋರು ನೀವೇ ಅಲ್ವಾ ಸ್ವಾಮಿ. ನಾನು ಒಂದೇ ಕಿತ ಬಂದಿದ್ದು ಅಂತ ನಿಮ್ಗೆ ಗೊತ್ತಿತ್ತಲ್ಲ" ಎಂದರು.

ಗೊತ್ತಿತ್ತು. ಅಮಲ್ದಾರರನ್ನು ದಡ್ಡರೆಂದಾದರೂ ಬಯ್ಯಬಹುದು. ನನಗೆ ಆ ಮರ್ಯಾದೆಯೂ ಇಲ್ಲ. ತಲೆ ಎತ್ತದೆ ಏಳನೆಯ ಸಲ ಅವರ ಹೆಸರು ಬರೆದು, ಹೆಬ್ಬೆಟ್ಟು ಒತ್ತಲು ಪುಸ್ತಕವನ್ನು ಮುಂದಕ್ಕೆ ತಳ್ಳಿದೆ.