ಕಾವಲಿನಲ್ಲಿ ಹಾರದ ಗುಂಡು

ಎಂಬತ್ತರ ದಶಕದ ಮೊದಲ ವರ್ಷಗಳು. ನಾನಾಗ ಸಶಸ್ತ್ರ ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೇಬಲ್. ಎಂಟು ಜನರ ಒಂದು ಸೆಕ್ಷನ್ ನನ್ನ ಕೈಕೆಳಗಿತ್ತು. ಬಂದೋಬಸ್ತಿಗೆಂದು ನಮ್ಮನ್ನು ಕಡೂರಿಗೆ ಕಳಿಸಿದ್ದರು.

ಒಂದು ಬೆಳಿಗ್ಗೆ ವ್ಯಾನು ಹತ್ತಿಸಿ ಯಗಟಿ ಕಡೆಯ ಒಂದು ಕಾವಲಿಗೆ ಕರೆದೊಯ್ದರು. ಕಾವಲು ಎಂದರೆ ದನ ಕುರಿ ಮೇಯಲು ಬಿಟ್ಟ ಸರ್ಕಾರಿ ಹುಲ್ಲುಗಾವಲು. ಅದರ ಒಂದು ಭಾಗಕ್ಕೆ ಒಬ್ಬ ದೊಡ್ಡ ಕುಳ ಬೇಲಿ ಹಾಕಿಸಲು ಹೊರಟಿದ್ದ. ಕಲ್ಲುಕಂಬ ನೆಡಬೇಕಾದ ಜಾಗದಲ್ಲಿ ಕುರಿ ಸಾಕುವ ಸುಮಾರು ನಲವತ್ತು ಜನ, ಹೆಂಗಸರೇ ಹೆಚ್ಚು, ಕುರಿಗಳ ಸಮೇತ ಕೂತಿದ್ದರು. ಕೈಯಲ್ಲಿ ಕಲ್ಲಿಲ್ಲ, ದೊಣ್ಣೆಯಿಲ್ಲ. ಜಮೀನು ಅವನದು ಎನ್ನಲು ಯಾರೂ ಒಂದು ಕಾಗದ ತೋರಿಸಲಿಲ್ಲ. ತಹಶೀಲ್ದಾರರ ಸುಳಿವೇ ಇಲ್ಲ. ಬೇಲಿ ಹಾಕಿಸುವ ಆ ಮಹಾಶಯನ ಮನೆಯಲ್ಲಿ ತಿಂಡಿ ಮುಗಿಸಿ ಬಂದ ನಮ್ಮ ಇನ್ಸ್‌ಪೆಕ್ಟರ್ ಮಾತ್ರ ಇದ್ದರು.

ಐದು ನಿಮಿಷ ಗದರಿದರು. ಯಾರೂ ಏಳಲಿಲ್ಲ. ಇನ್ಸ್‌ಪೆಕ್ಟರಿಗೆ ಅವಮಾನವಾಯಿತು, ಅಷ್ಟೇ.

"ಲೋಡ್ ಮಾಡಿಸ್ರೀ" ಎಂದರು.

ಗುಂಡು ಹಾರಿಸುವುದಕ್ಕೊಂದು ಕ್ರಮವಿದೆ. ಮೊದಲು ಎಚ್ಚರಿಕೆ, ಆಮೇಲೆ ಲಾಠಿ, ಅಶ್ರುವಾಯು. ಪ್ರಾಣಕ್ಕೆ ಅಪಾಯವಿದ್ದು ಬೇರೆ ದಾರಿಯೇ ಇಲ್ಲದಾಗ ಬಂದೂಕು. ತರಬೇತಿಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದೇ ಇದನ್ನು. ಆದರೂ ಲೋಡ್ ಮಾಡಿಸಿದೆ. ಅದು ನನ್ನ ತಪ್ಪು.

ಮುಂದೆ ಕೂತಿದ್ದ ಮುದುಕಿಯೊಬ್ಬಳು ಬಂದೂಕು ನೋಡಿ ನನಗೆ ಹೇಳಿದಳು: "ಗಬ್ಬದ ಕುರಿ ಅವೆ ಕಣಪ್ಪ. ಮ್ಯಾಲಕ್ಕೆ ಹೊಡೆದ್ರೂ ಬೆದರಿ ಕಂದು ಹಾಕ್ತವೆ, ಮರಿ ಸಾಯ್ತವೆ. ಬ್ಯಾಡ."

ಪೊಲೀಸರು ತನ್ನ ಎದೆಗೇ ಹೊಡೆದಾರು ಎಂಬ ಯೋಚನೆಯೇ ಆ ತಾಯಿಗೆ ಬಂದಿರಲಿಲ್ಲ.

"ಫೈರ್" ಎಂದರು ಇನ್ಸ್‌ಪೆಕ್ಟರ್.

ನಮ್ಮಲ್ಲಿ ಸೆಕ್ಷನ್ನಿಗೆ ಹುಕುಂ ಹೋಗುವುದು ಅದರ ನಾಯಕನ ಬಾಯಿಂದ. ಬೇರೆ ಯಾರೇ ಕೂಗಿದರೂ ನನ್ನವರು ನನ್ನ ದನಿಗೇ ಕಾಯುತ್ತಾರೆ. ಎಂಟೂ ಜನ ಕಾದರು. ನಾನು ಬಾಯಿ ಬಿಡಲಿಲ್ಲ. ಇನ್ಸ್‌ಪೆಕ್ಟರ್ ಮತ್ತೆ ಕೂಗಿದರು, ಬಾಯಿಗೆ ಬಂದಂತೆ ಬೈದರು. ಆಮೇಲೆ ನಾನು ಹೇಳಿದ್ದು ಒಂದೇ ಮಾತು: "ಸೆಕ್ಷನ್, ಅನ್‌ಲೋಡ್." ಎಂಟೂ ಬಂದೂಕು ಖಾಲಿಯಾದವು.

"ನಿನ್ನ ಪಟ್ಟಿ ಕೀಳಿಸ್ತೀನಿ ಕಣೋ."

"ಕೀಳಿಸಿ ಸಾರ್" ಎಂದೆ. ತೋಳಿನ ಪಟ್ಟಿ ಹೋದರೆ ಹೆಡ್ ಕಾನ್‌ಸ್ಟೇಬಲ್‌ಗಿರಿ ಹೋಯಿತೆಂದೇ ಅರ್ಥ.

ಆಮೇಲೆ ನನ್ನ ಮೇಲೆ ಇಲಾಖೆ ನಡೆಸಿದ ವಿಚಾರಣೆಗೆ ಬಂದ ಅಧಿಕಾರಿ ಮೆತ್ತಗೆ ಮಾತಾಡಿದರು. "ಯಾಕ್ರೀ ಹಠ? ಗಲಾಟೇಲಿ ಆರ್ಡರ್ ಕೇಳಿಸ್ಲಿಲ್ಲ ಅಂತ ಬರ್ಕೊಟ್ಬಿಡಿ. ಪಟ್ಟಿ ಉಳೀತದೆ."

ಯಾವ ಗಲಾಟೆ? ಕುರಿ ಅರಚಿದ್ದು ಬಿಟ್ಟರೆ ಅಲ್ಲಿ ಸದ್ದೇ ಇರಲಿಲ್ಲ. ಕೇಳಿಸಲಿಲ್ಲ ಎಂದು ನಾನು ಬರೆದರೆ, ಅಂಥ ಆದೇಶವೇ ಹೊರಟಿರಲಿಲ್ಲ ಎಂದು ಇವರು ಫೈಲು ಮುಚ್ಚಬಹುದು. ನಾಳೆ ಅದೇ ಮನುಷ್ಯ ಇನ್ನೊಂದು ಊರಿನಲ್ಲಿ, ಇನ್ನೊಂದು ಸೆಕ್ಷನ್ನಿಗೆ ಅದನ್ನೇ ಕೂಗಬಹುದು. ನನಗೆ ಮೈ ಉರಿದುಹೋಯಿತು.

"ಕೇಳಿಸ್ತು ಸಾರ್. ಸರಿಯಾಗೇ ಕೇಳಿಸ್ತು. ಅದಕ್ಕೇ ಹೊಡೆಸ್ಲಿಲ್ಲ" ಎಂದೆ. ಹಾಗೆಯೇ ಬರೆದುಕೊಟ್ಟೆ. ಎಂಟು ಜನರೂ ಅದನ್ನೇ ಬರೆದರು.

ನನ್ನನ್ನು ಕಾನ್‌ಸ್ಟೇಬಲ್ ದರ್ಜೆಗೆ ಇಳಿಸಿದರು. ನನ್ನ ಎಂಟು ಜನರನ್ನು ವರ್ಗ ಮಾಡಿ ಎಂಟು ದಿಕ್ಕಿಗೆ ಎಸೆದರು. ಇನ್ಸ್‌ಪೆಕ್ಟರಿಗೆ ಬಡ್ತಿ ಸಿಕ್ಕಿತು. ಕಾವಲಿಗೆ ಬೇಲಿ ಬೀಳಲಿಲ್ಲ, ಅದೊಂದೇ ಸಮಾಧಾನ.

ನಿವೃತ್ತನಾಗಿ ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ. ಗುಂಡು ಹೊಡೆಸದೇ ಇದ್ದದ್ದನ್ನು ಇವರು ಕ್ಷಮಿಸಲು ತಯಾರಿದ್ದರು. ಹೊಡಿ ಎಂದದ್ದು ಕೇಳಿಸಿತು ಎಂದು ಹೇಳಿದ್ದನ್ನು ಮಾತ್ರ ಕ್ಷಮಿಸಲಿಲ್ಲ. ಖಾಕಿ ನನಗೆ ಕಲಿಸಿದ ಪಾಠ ಇಷ್ಟೇ.